ಮುಂದಿನ ಸೀಟು

ಬೆಳಗಿನ ಆರು ಇನ್ನೂ ದಾಟಿಲ್ಲ. ಮಹಾಕೂಟದ ವಿಷ್ಣು ಪುಷ್ಕರಣಿಯ ಮೆಟ್ಟಿಲ ಮೇಲೆ ಮಡಚಿಟ್ಟ ಬಿಳಿ ಪಂಚೆಗಳ ಸಾಲು. ಅವನ್ನು ಉಟ್ಟು ಬಂದವರೆಲ್ಲ ನೀರಿನಲ್ಲಿದ್ದಾರೆ. ಎಡಗೈಯಿಂದ ಎದೆಯ ಮೇಲಿನ ಕರಡಿಗೆ ಒತ್ತಿ ಹಿಡಿದು, ಬಲಗೈಯಿಂದ ಮೂಗು ಮುಚ್ಚಿಕೊಂಡು, ಒಬ್ಬರ ಹಿಂದೆ ಒಬ್ಬರು ಕಟ್ಟೆಯಿಂದ ಜಿಗಿಯುತ್ತಾರೆ. ಮೂಗು ಬಿಟ್ಟರೂ ಬಿಟ್ಟಾರು, ಕರಡಿಗೆ ಬಿಡುವ ಹಾಗಿಲ್ಲ. ಅದರೊಳಗಿನ ಇಷ್ಟಲಿಂಗ ನಿದ್ದೆಯಲ್ಲಾಗಲಿ ಸ್ನಾನದಲ್ಲಾಗಲಿ ಮೈಬಿಟ್ಟು ದೂರ ಆಗಬಾರದು ಎನ್ನುವುದು ಈ ಹುಡುಗರು ಅಕ್ಷರಕ್ಕಿಂತ ಮೊದಲು ಕಲಿತ ಪಾಠ.

ನೀರು ಕೊರೆಯುತ್ತದೆ. ಚೈತ್ರ ಬಂದರೆ ಬಾದಾಮಿ ಸೀಮೆಯ ಹಳ್ಳಗಳೆಲ್ಲ ಬತ್ತಿ ಉಸುಕು ಕಾಣುತ್ತದೆ. ಈ ಹೊಂಡದ ಸೆಲೆ ಮಾತ್ರ ಗುಡ್ಡದ ಹೊಟ್ಟೆಯಿಂದ ಜಿನುಗುತ್ತಲೇ ಇರುತ್ತದೆ. ನೀರೊಳಗಿನ ಪುಟ್ಟ ಮಂಟಪದಲ್ಲಿ ನಾಲ್ಕು ಮುಖದ ಲಿಂಗ. ಅಲ್ಲಿಯವರೆಗೆ ಒಂದೇ ಉಸಿರಿನಲ್ಲಿ ಈಜಿ ಬರುವವರು ಯಾರು ಎಂದು ಪಂದ್ಯ ಕಟ್ಟಿದ್ದಾರೆ. ಆಲದ ಕೊಂಬೆಯ ಮೇಲೆ ಮಂಗಗಳು ಸಾಲಾಗಿ ಕೂತು, ಮೆಟ್ಟಿಲ ಮೇಲಿನ ಚೀಲಗಳಲ್ಲಿ ಬಾಳೆಹಣ್ಣು ಯಾವುದರಲ್ಲಿದೆ ಎಂದು ಅಂದಾಜು ಹಾಕುತ್ತಿವೆ.

ಹುಡುಗರಲ್ಲಿ ತೀರ ಚಿಕ್ಕವನಿಗೆ ಒಂಬತ್ತು, ಎಲ್ಲರಿಗಿಂತ ದೊಡ್ಡವನಿಗೆ ಹತ್ತೊಂಬತ್ತು. ಆ ದೊಡ್ಡವನು ಸುಮ್ಮನೆ ಜಿಗಿಯುವವನಲ್ಲ. ಕಟ್ಟೆಯ ತುದಿಯಿಂದ ಲಾಗ ಹೊಡೆದು ಬೀಳುತ್ತಾನೆ.

"ದೇವರ, ಇನ್ನೊಮ್ಮೆ ಹೊಡೀರಿ! ಇನ್ನೊಮ್ಮೆ!"

ಇನ್ನೊಮ್ಮೆ ಹೊಡೆಯುತ್ತಾನೆ. ಈ ಸಲ ಮೊಳಕೈ ಕಲ್ಲಿಗೆ ಉಜ್ಜಿ ತರಚುತ್ತದೆ. ನೀರಿನಿಂದ ತಲೆ ಎತ್ತಿದಾಗ ನಗುತ್ತಲೇ ಇದ್ದಾನೆ.

ಇವರೆಲ್ಲ ಶಿವಯೋಗ ಮಂದಿರದ ವಟುಗಳು, ಸಾಧಕರು. ಅಲ್ಲಿ ಹುಡುಗರ ಹೆಸರಿಗೆ 'ದೇವರು' ಎಂದು ಸೇರಿಸಿ ಕರೆಯುವುದು ರೂಢಿ. ಪಟ್ಟವಾದ ದಿನ ಅದು ಹೋಗಿ 'ಸ್ವಾಮಿಗಳು' ಬರುತ್ತದೆ. ವರ್ಷದ ಪಾಠ, ಪರೀಕ್ಷೆ ಎರಡೂ ಮುಗಿದಿವೆ. ಸಂಜೆಗೆ ಸಭೆ, ಅದಾದ ಮೇಲೆ ಊರಿಗೆ ಹೋಗುವವರು ಹೋಗುತ್ತಾರೆ, ರಜೆ ಕಳೆದು ಮರಳುತ್ತಾರೆ. ಲಾಗ ಹೊಡೆದವನು ಮಾತ್ರ ಮರಳುವುದಿಲ್ಲ. ದೂರದ ಒಂದು ಹಳ್ಳಿಯ ಮಠಕ್ಕೆ ಆತನನ್ನು ಮರಿಯೆಂದು, ಅಂದರೆ ಮುಂದಿನ ಸ್ವಾಮಿಯೆಂದು, ಗೊತ್ತು ಮಾಡಿ ಬಹಳ ವರ್ಷವಾಯಿತು. ಅಲ್ಲಿಯ ಹಿರಿಯ ಅಜ್ಜಾರಿಗೆ ಈಗ ಕಣ್ಣು ಮಂಜು, ಮೊಣಕಾಲು ನೋವು. ಊರಿನವರು ಇವತ್ತು ಬಂದು ಆತನನ್ನು ಕರೆದೊಯ್ಯುತ್ತಾರೆ.

"ಸಾಕ್ ಬರ್ರೋ ಮ್ಯಾಲ," ಎಂದು, ಹುಡುಗರನ್ನು ಕರೆತಂದ ಶಾಸ್ತ್ರಿಗಳು ದಂಡೆಯಿಂದ ಕೂಗುತ್ತಾರೆ. "ಬಿಸಲ ಏರೂದರಾಗ ಮಂದಿರಾ ಮುಟ್ಟಬೇಕು."

ಪಂಚೆ ಸುತ್ತಿಕೊಂಡು, ತೊಯ್ದ ತಲೆ ಒರೆಸದೆ, ಮಹಾಕೂಟೇಶ್ವರನಿಗೆ ಕೈಮುಗಿದು ಹಳೆಯ ಹೆಬ್ಬಾಗಿಲ ಕಡೆ ನಡೆಯುತ್ತಾರೆ. ಬಾಗಿಲ ಎರಡೂ ಬದಿಗೆ ಎಲುಬಿನ ಹಂದರವಾಗಿ ನಿಂತ ಕಾಲ, ಕಾಳಿ. ಒಂಬತ್ತರ ಹುಡುಗ ಕಾಲನ ಪಕ್ಕೆಲುಬು ಎಣಿಸತೊಡಗುತ್ತಾನೆ.

"ಇವ್ರ ಯಾಕ ಹಿಂಗ ಬಡಕಲ ಆಗ್ಯಾರ್ರಿ?"

"ಪರೀಕ್ಷಾಕ್ಕ ಓದಿ ಓದಿ," ಎನ್ನುತ್ತಾನೆ ದೊಡ್ಡವನು. ಶಾಸ್ತ್ರಿಗಳೂ ನಗುತ್ತಾರೆ.

ಈ ಹೆಬ್ಬಾಗಿಲ ಆವರಣದಲ್ಲೇ ಒಂದು ಕಂಬವಿತ್ತು. ಚಾಲುಕ್ಯ ಮಂಗಳೇಶ ಕ್ರಿ.ಶ. 602ರ ಸುಮಾರಿಗೆ ನಿಲ್ಲಿಸಿದ ಧರ್ಮಜಯಸ್ತಂಭ. ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಮಕುಟೇಶ್ವರನಾಥನ ಸೇವೆಗೆ ಮೊದಲನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಹತ್ತು ಹಳ್ಳಿಗಳನ್ನು ಬಿಟ್ಟ ವಿಷಯ ಅದರ ಮೇಲಿದೆ. ನೂರು ವರ್ಷದ ತರುವಾಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಇದೇ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು. ದೇವರ ಮನೆಗೆ ಯಾರು ಅನ್ನ ಹಾಕಬೇಕು ಎನ್ನುವ ಲೆಕ್ಕ ಈ ಗುಡ್ಡದ ಬುಡದಲ್ಲಿ ಹದಿನಾಲ್ಕು ಶತಮಾನದಿಂದ ನಡೆದಿದೆ. ಅಂದು ರಾಜರ ಮನೆಯವರು ಕೊಡುತ್ತಿದ್ದರು. ಈಗ ಕೊಡುವವರು ಯಾರು ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಕಾಣುತ್ತದೆ.

ಹೊರಗೆ ಎರಡು ಟಂಟಂ ಕಾಯುತ್ತಿವೆ. ಆರು ಜನ ಕೂರುವಲ್ಲಿ ಹತ್ತು ಜನ. ನಂದಿಕೇಶ್ವರ ದಾಟಿ, ಕೆಂಪು ಕಲ್ಲಿನ ಗುಡ್ಡ ಹಿಂದಕ್ಕೆ ಸರಿದು, ಜೋಳದ ಕೂಳೆ ನಿಂತ ಹೊಲಗಳು, ಆಮೇಲೆ ಹೊಳೆಯ ಹಸಿರು. ಮಲಪ್ರಭೆ ಬೇಸಿಗೆಯಲ್ಲಿ ಮಡುವು ಮಡುವಾಗಿ ಒಡೆದುಹೋಗಿದೆ. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಡೆದು ನಿಂತು, ಇಲ್ಲಿ ಬಳುಕಿ, ಪಟ್ಟದಕಲ್ಲು ಐಹೊಳೆ ಮುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಹೊಳೆ ಇದು. ಈಗ ನೋಡಿದರೆ ಪಾಪದ್ದು ಎನಿಸುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳನ್ನು ನೀರಿನಲ್ಲಿ ನಿಲ್ಲಿಸಿದ್ದು ಇದೇ ಹೊಳೆ.

ದಂಡೆಯ ಮೇಲೆ ಮಂದಿರ. 1909ರಲ್ಲಿ ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಇದನ್ನು ಕಟ್ಟಿದರು. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾಲಯ್ಯನೇ ಈ ಸ್ವಾಮಿಗಳು. ಮಂದಿರ ಕಟ್ಟುವ ಐದು ವರ್ಷ ಮೊದಲು, 1904ರಲ್ಲಿ, ಧಾರವಾಡದಲ್ಲಿ ವೀರಶೈವ ಮಹಾಸಭೆ ಸೇರಿಸಿದವರೂ ಇವರೇ. ಆ ಸಭೆಯ ಅಧ್ಯಕ್ಷತೆಗೆ ಶಿರಸಂಗಿ ಲಿಂಗರಾಜ ದೇಸಾಯರನ್ನು ಕೂರಿಸಿದ್ದರು. ಸಭೆ, ಠರಾವು, ಭಾಷಣಗಳಿಂದ ಆಗುವ ಕೆಲಸ ಒಂದು ಬಗೆಯದು. ಅವರ ಕಣ್ಣು ಬೇರೆ ಕಡೆ ಇತ್ತು. ನಾಡಿನ ತುಂಬ ಮಠಗಳು. ಪಟ್ಟಕ್ಕೆ ಕೂತವರಲ್ಲಿ ಓದಿದವರು ಕಡಿಮೆ. ಊರಿಗೆ ಬುದ್ಧಿ ಹೇಳಬೇಕಾದವರಿಗೇ ಓದು ಇಲ್ಲದಿದ್ದರೆ ಊರಿನ ಗತಿ ಏನು? ಸ್ವಾಮಿಯಾಗುವವನಿಗೆ ಹುಟ್ಟು ಸಾಲದು, ತರಬೇತಿ ಬೇಕು ಎಂದು ಹೊರಟರು. ಜೋಳಿಗೆ ಹಾಕಿಕೊಂಡು ಊರೂರು ತಿರುಗಿ ಕಾಳು, ಕಾಸು ಕೂಡಿಸಿದರು. 1930ರಲ್ಲಿ ಲಿಂಗೈಕ್ಯರಾದರು, ಅವರ ಗದ್ದುಗೆ ಇಲ್ಲೇ ಇದೆ. ಟಂಟಂ ಇಳಿದ ಹುಡುಗರು ಕೈಕಾಲು ತೊಳೆದು ಮೊದಲು ಹೋಗುವುದು ಅಲ್ಲಿಗೆ.

ಈಗ ಪೂಜೆ. ಗದ್ದಲ ಮಾಡುತ್ತ ಬಂದ ಹುಡುಗರು ಮಣೆ ಹಾಕಿಕೊಂಡು ಸಾಲಾಗಿ ಕೂತಿದ್ದಾರೆ. ಹಣೆಗೆ, ತೋಳಿಗೆ, ಎದೆಗೆ ವಿಭೂತಿಯ ಮೂರೆಳೆ. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಮೊದಲ ವರ್ಷದವರ ಕೈ ಅಳ್ಳಾಡುತ್ತದೆ. ಹಿರಿಯ ಸಾಧಕರದು ಕದಲುವುದಿಲ್ಲ. ತರಚಿದ ಮೊಳಕೈಯವನೂ ಅವರಲ್ಲಿ ಒಬ್ಬ. ಗಾಯದ ಮೇಲೆ ನೊಣ ಕೂತಿದೆ, ಓಡಿಸುವುದಿಲ್ಲ.

ಹಿಂಭಾಗದಲ್ಲಿ ಗೋಶಾಲೆ. ನಾಡಿನಲ್ಲಿ ಶಿವಯೋಗ ಮಂದಿರದ ಹೆಸರು ಕೇಳದವರ ದೇವರ ಜಗಲಿಯ ಮೇಲೂ ಇಲ್ಲಿಯ ವಿಭೂತಿ ಗಟ್ಟಿ ಇರಬಹುದು. ಸೆಗಣಿ ಕೂಡಿಸಿ, ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸುತ್ತಾರೆ. ಕಸ ಮೇಲೆ ನಿಲ್ಲುತ್ತದೆ, ನುಣುಪು ಕೆಳಗೆ ಇಳಿಯುತ್ತದೆ. ತಿಳಿ ಬಸಿದು ಉಳಿದ ಕೆಸರನ್ನು ಗಟ್ಟಿ ಮಾಡಿ ಮತ್ತೆ ಒಣಗಿಸಬೇಕು. ಶಾಸ್ತ್ರದಲ್ಲಿ ಕಲ್ಪ, ಅನುಕಲ್ಪ, ಉಪಕಲ್ಪ, ಅಕಲ್ಪ ಎಂದು ನಾಲ್ಕು ಬಗೆ. ಕಲ್ಪಕ್ಕೆ ಸೆಗಣಿ ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು. ಆಕಳ ಹಿಂದೆ ಕೈಯೊಡ್ಡಿ ನಿಲ್ಲುವ ತಾಳ್ಮೆ ಸಂಸ್ಕೃತ ವ್ಯಾಕರಣದಿಂದ ಬರುವಂಥದ್ದಲ್ಲ. ಇವತ್ತು ಊರಿಗೆ ಹೋಗುವ ಪ್ರತಿ ಹುಡುಗನ ಚೀಲದಲ್ಲೂ ನಾಲ್ಕಾರು ಗಟ್ಟಿ ಹಳೆ ಪೇಪರಿನಲ್ಲಿ ಸುತ್ತಿಕೊಂಡು ಕೂತಿವೆ. ಅಜ್ಜಿಗೊಂದು, ಅತ್ತೆಗೊಂದು, ಊರ ಮಠಕ್ಕೊಂದು. ಊರಿಗೆ ಹೋಗುವಾಗ ಒಯ್ಯುವ ಮಿಠಾಯಿ ಇದೇ.

ಕೋಣೆಯಲ್ಲಿ ಟ್ರಂಕು ತುಂಬುವ ಸಡಗರ. ಒಬ್ಬ ಶಬ್ದಮಂಜರಿಯನ್ನು ಕಿರಿಯನಿಗೆ ದಾಟಿಸುತ್ತಿದ್ದಾನೆ. ಪುಟಗಳ ಅಂಚಿನಲ್ಲಿ ಮೂರು ತಲೆಮಾರಿನ ಪೆನ್ಸಿಲ್ ಗುರುತು. "ಇದರಾಗ ರಾಮ ಶಬ್ದದ ಹಾಳಿ ಇಲ್ಲ, ಅದನ್ನ ಬಾಯಿಪಾಠ ಮಾಡು," ಎಂದು ಎಚ್ಚರಿಕೆ ಬೇರೆ. ಹತ್ತೊಂಬತ್ತರವನ ಟ್ರಂಕಿನಲ್ಲಿ ರಘುವಂಶ, ಸಿದ್ಧಾಂತ ಶಿಖಾಮಣಿ, ವಚನದ ಕಟ್ಟು, ಎರಡು ಜೊತೆ ಬಟ್ಟೆ, ತಳದಲ್ಲಿ ಒಂದು ರಬ್ಬರ್ ಚೆಂಡು. ಚೆಂಡನ್ನು ಎತ್ತಿ ನೋಡಿ, ಅತ್ತಿತ್ತ ನೋಡಿ, ಮತ್ತೆ ತಳಕ್ಕೆ ತಳ್ಳುತ್ತಾನೆ.

ಹನ್ನೊಂದಕ್ಕೆ ಬಿಸಿಲು ಕೆನ್ನೆಗೆ ಹೊಡೆಯುವ ಹೊತ್ತಿಗೆ ಜನ ಬರತೊಡಗುತ್ತಾರೆ. ಕ್ರೂಸರ್ ಗಾಡಿಗಳು, ಟ್ರ್ಯಾಕ್ಟರುಗಳು, ಬಾದಾಮಿಯಿಂದ ಬಸ್ಸು ಹಿಡಿದು ಬಂದವರು. ಇಳಕಲ್ಲ ಸೀರೆಯ ಟೋಪಿ ಸೆರಗು ತಲೆ ಮೇಲೆ, ಗುಳೇದಗುಡ್ಡದ ಖಣದ ಕುಪ್ಪಸ, ಕೈಯಲ್ಲಿ ಬುತ್ತಿ. ಗಂಡಸರ ಹೆಗಲ ಮೇಲೆ ಜೋಳದ ಚೀಲ. ಕಂಬದ ಮೇಲೆ ಹೆಸರು ಕೆತ್ತಿಸುವ ರಾಣಿಯರಲ್ಲ ಇವರು. ಐದು ಸೇರು ಕಡಲೆ, ಒಂದು ಡಬ್ಬಿ ಎಣ್ಣೆ, ಎರಡು ಪೆಂಟೆ ಬೆಲ್ಲ ತಂದು ಉಗ್ರಾಣದ ಮುಂದೆ ಇಳಿಸುತ್ತಾರೆ. ಉಗ್ರಾಣದವರು ಹೆಸರು ಬರೆದುಕೊಳ್ಳಲು ಹೋದರೆ, "ಅದೇನ್ ಬರಿತೀರಿ ಬಿಡ್ರಿ," ಎಂದು ನಾಚುತ್ತಾರೆ. ಎರಡು ಹೆಜ್ಜೆ ಹೋಗಿ ತಿರುಗಿ, "ಬರಕೊಳ್ಳೂದಾದ್ರ ಊರಿನ ಹೆಸರ್ಲೆ ಬರಕೋರಿ," ಎನ್ನುತ್ತಾರೆ.

ಅಡುಗೆ ಮನೆಯಲ್ಲಿ ಗೋದಿ ಹುಗ್ಗಿ ಕುದಿಯುತ್ತಿದೆ. ಈ ಕಡೆಯ ಮಠದ ಊಟವೆಂದರೆ ಅದೇ. ಜೋಳದ ಕಟಕ ರೊಟ್ಟಿ, ಮಡಕಿ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊನೆಗೆ ಅನ್ನ ಸಾರು, ಮಜ್ಜಿಗೆ. ಹುಗ್ಗಿಗೆ ತುಪ್ಪ ಬಡಿಸುವವನ ಹಿಂದೆಯೇ ಹುಡುಗರ ಕಣ್ಣು. ಶ್ರಾವಣದಲ್ಲಿ ತಿಂಗಳಿಡೀ ಪುರಾಣ ಹೇಳಿಸಿ ಕೊನೆಯ ದಿನ ಮಹಾಮಂಗಲಕ್ಕೆ ಊರಿಗೆಲ್ಲ ಊಟ ಹಾಕುತ್ತಾರಲ್ಲ, ಅದೇ ರೀತಿ ಇಲ್ಲಿ ಪಾಠಕ್ಕೂ ಮಂಗಲ. ಯೆಹೂದಿಗಳ ಪಾಠಶಾಲೆಗಳಲ್ಲೂ ಇಂಥದೇ ಪದ್ಧತಿ ಇದೆ. ತಮ್ಮ ಧರ್ಮಗ್ರಂಥ ತಾಲ್ಮುದಿನ ಒಂದು ಭಾಗ ಓದಿ ಮುಗಿಸಿದರೆ ಊಟ ಹಾಕಿಸುತ್ತಾರೆ; ಆ ಗ್ರಂಥಕ್ಕೇ ನೇರವಾಗಿ, ಮತ್ತೆ ನಿನ್ನ ಹತ್ತಿರ ಬರುತ್ತೇವೆ ಎಂದು ಮಾತು ಕೊಡುತ್ತಾರೆ. ನಮ್ಮ ಪಕ್ಕದ ಮುಂಬಯಿಯಲ್ಲೇ ಬೆನೆ ಇಸ್ರಾಯೇಲ್ ಎಂಬ ಯೆಹೂದಿ ಸಮುದಾಯದವರು 1875ರಲ್ಲಿ ತಮ್ಮ ಮಕ್ಕಳಿಗಾಗಿ ಕಟ್ಟಿದ ಶಾಲೆ ಸರ್ ಎಲ್ಲಿ ಕದೂರಿ ಶಾಲೆ ಎಂಬ ಹೆಸರಿನಲ್ಲಿ ಈಗಲೂ ಇದೆ. ಸಣ್ಣ ಸಮುದಾಯವಿರಲಿ ದೊಡ್ಡದಿರಲಿ, ತನ್ನ ದೇವರ ಮಾತು ತನ್ನ ಮಕ್ಕಳ ಬಾಯಲ್ಲಿ ಉಳಿಯಬೇಕೆಂದರೆ ಒಲೆ ಹಚ್ಚಲೇಬೇಕು.

ಊಟವಾದ ಮೇಲೆ ಬೇವಿನ ಮರದ ಕೆಳಗೆ ಒಂದು ಗುಂಪು. ಕೊಪ್ಪಳದ ಕಡೆಯ ಕ್ರೂಸರಿನಲ್ಲಿ ಬಂದವರು. ಬಿಳಿ ರುಮಾಲಿನ ಗೌಡರು, ಮಠದ ಕಮಿಟಿಯ ನಾಲ್ಕು ಜನ, ಕೈಯಲ್ಲಿ ಮೊಬೈಲು ಹಿಡಿದ ಪಡ್ಡೆ ಹುಡುಗರು. ಒಂದಿಷ್ಟು ದೂರದಲ್ಲಿ, ಬೇರೆ ಬಸ್ಸಿಗೆ ಬಂದ ಒಬ್ಬ ಹೆಂಗಸು, ಪಕ್ಕದಲ್ಲಿ ಹದಿಮೂರರ ಮಗಳು. ಹತ್ತೊಂಬತ್ತರವರು ಬರುತ್ತಾರೆ. ಗುಂಪು ಎದ್ದು ನಿಲ್ಲುತ್ತದೆ. ಗೌಡರು, ಅವರ ಅಪ್ಪನಿಗಿಂತ ಹಿರಿಯರು, ಮೊಣಕಾಲೂರಿ ಪಾದ ಮುಟ್ಟುತ್ತಾರೆ. "ಶರಣ್ರಿ ಅಪ್ಪಾರ." ಒಬ್ಬೊಬ್ಬರಾಗಿ ಎಲ್ಲರೂ. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿ, ಎಳೆದುಕೊಳ್ಳಬಾರದೆಂದು ನೆನಪಾಗಿ ನಿಂತೇ ಇರುತ್ತಾರೆ.

ಕೊನೆಗೆ ಆ ಹೆಂಗಸು ಬರುತ್ತಾಳೆ. ಆಕೆಯೂ ಬಾಗುತ್ತಾಳೆ. ಏಳುವಾಗ ಮೊಳಕೈ ಕಣ್ಣಿಗೆ ಬೀಳುತ್ತದೆ.

"ಮೊಳಕೈಗೆ ಏನಾತ್ರಿ ಅಪ್ಪಾರ?"

"ಏನಿಲ್ಲಬೇ ಯವ್ವಾ, ಹೊಂಡದಾಗ ಲಾಗಾ ಹೊಡ್ಯಾಕ ಹೋಗಿ..."

ಗೌಡರು ಕೆಮ್ಮುತ್ತಾರೆ. ಹಿಂದಿನ ಪಡ್ಡೆ ಹುಡುಗರಲ್ಲಿ ಒಬ್ಬ ನಗು ತಡೆಯಲಾರದೆ ಆಚೆ ತಿರುಗುತ್ತಾನೆ. ತಾಯಿ ಸೆರಗಿನ ತುದಿ ತೋಯಿಸಿ ಗಾಯ ಒರೆಸಲು ಕೈ ಎತ್ತಿ, ಅಷ್ಟು ಜನರ ನಡುವೆ ಆ ಕೈಯನ್ನು ಏನು ಮಾಡಬೇಕೋ ತಿಳಿಯದೆ, ಬುತ್ತಿಯ ಗಂಟು ಬಿಚ್ಚುತ್ತಾಳೆ. ಕರಿಗಡಬು. "ಎಲ್ಲಾರಿಗೂ ತಂದೀನ್ರಿ," ಎನ್ನುತ್ತಾಳೆ. ಎಲ್ಲರಿಗೂ ಆಗುವಷ್ಟಿಲ್ಲ. ಎಂಟೇ ಇವೆ.

ಇಲ್ಲಿ ನಿಂತು ನೋಡುವವರಿಗೆ ಒಳಗೇನೋ ಇರಿಯುತ್ತದೆ. ನನಗೂ ಇರಿಯಿತು. ಎಂಟು ಒಂಬತ್ತು ವರ್ಷದ ಮಗುವಿನ ಬಾಳು ಹೀಗೇ ಎಂದು ಮನೆಯವರು, ಊರಿನವರು ಕೂಡಿ ಗೊತ್ತು ಮಾಡುವುದು ನ್ಯಾಯವೇ? ಬೇರೆ ಶಾಲೆಗಳಲ್ಲಿ ಓದು ಮುಗಿದರೆ ಹುಡುಗ ಮನೆಯವನಾಗುತ್ತಾನೆ. ಇಲ್ಲಿ ಓದು ಮುಗಿದ ದಿನವೇ ಮನೆ ತಪ್ಪುತ್ತದೆ. ಅಲ್ಲಿಂದ ಮುಂದೆ ಆತ ಊರಿನ ಆಸ್ತಿ. ಹೊಲದ ಬದುವಿನ ಜಗಳಕ್ಕೂ ಆತ ಬೇಕು, ಮದುವೆಯ ಮುಹೂರ್ತಕ್ಕೂ ಆತ ಬೇಕು, ಸತ್ತವರ ಮನೆಯ ಮುಂದೆ ಮೊದಲು ಬಂದು ನಿಲ್ಲುವುದಕ್ಕೂ ಆತನೇ ಬೇಕು. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಉತ್ತರ ಕರ್ನಾಟಕದ ಬಡವರ ಮಕ್ಕಳು ಓದಿದ್ದು ಎಲ್ಲಿ? ಸರ್ಕಾರದ ಹಾಸ್ಟೆಲುಗಳು ಬರುವುದಕ್ಕೆ ಎಷ್ಟೋ ಮೊದಲು ಮಠಗಳ ಪ್ರಸಾದ ನಿಲಯಗಳಲ್ಲಿ, ಯಾರದೋ ಮನೆಯ ಮಗ ಮನೆ ಬಿಟ್ಟು ಬಂದು ಜೋಳಿಗೆ ಹಿಡಿದು ನಡೆಸಿದ ನಿಲಯಗಳಲ್ಲಿ. ಆ ಅನ್ನ ಉಂಡವರ ಮಗನಾಗಿ ನಾನು ಈ ತಾಯಿಯ ಎದುರು ನಿಂತು ಯಾವ ಬಾಯಿಂದ ತೀರ್ಪು ಹೇಳಲಿ? ಗಂಡುಮಕ್ಕಳಿಗೆ ತೆರೆದ ಈ ದಾರಿ ಆಕೆಯ ಪಕ್ಕದಲ್ಲಿ ನಿಂತ ಹದಿಮೂರರ ಮಗಳಿಗೆ ಏಕಿಲ್ಲ ಎಂಬ ಪ್ರಶ್ನೆಯನ್ನಂತೂ ಕೇಳಲೇಬೇಕು.

ಐದು ಗಂಟೆ. ಪೆಂಡಾಲಿನ ಕೆಳಗೆ ಜಮಖಾನೆ ಹಾಸಿದೆ. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಎಂದು ಒಬ್ಬ ಹತ್ತು ಸಲ ಹೇಳಿದ ಮೇಲೂ ಮೈಕು ಕುಯ್ಯೆನ್ನುತ್ತಲೇ ಇದೆ. ಸೇವಂತಿ ಹಾರ, ಶಾಲು, ಗದ್ದುಗೆಯ ಭಾವಚಿತ್ರಕ್ಕೆ ಪೂಜೆ, ಸ್ವಾಗತ, ಪ್ರಾಸ್ತಾವಿಕ. ಭಾಷಣಗಳ ಮಟ್ಟಿಗೆ ಈ ಸಭೆ ಎಲ್ಲ ಊರಿನ ಸಭೆಗಳ ಹಾಗೆಯೇ ಇದೆ, ಅದನ್ನು ಬಿಟ್ಟು ಮುಂದೆ ಹೋಗೋಣ.

ಹುಡುಗರ ಸರದಿ. ಆಸನಗಳು: ಧನುರಾಸನ, ಮಯೂರಾಸನ, ಶೀರ್ಷಾಸನದಲ್ಲಿ ಸಾಲಾಗಿ ಎಂಟು ಜೊತೆ ಅಂಗಾಲು ಮೇಲೆ. ಮುಂದಿನ ಸಾಲಿನ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ಬೀಳ್ತಾವಲ್ಲೋ ಕೂಸು," ಎನ್ನುತ್ತಾಳೆ. ಸಂಸ್ಕೃತದಲ್ಲಿ ಒಬ್ಬನ ಭಾಷಣ. ತಿಳಿದವರು ಹತ್ತು ಜನ ಇರಬಹುದು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕ್ರೂಸರಿನ ಡ್ರೈವರು.

ಆಮೇಲೆ ಒಂಬತ್ತರ ಹುಡುಗ. ಬೆಳಿಗ್ಗೆ ಕಾಲನ ಪಕ್ಕೆಲುಬು ಎಣಿಸಿದವನು. ಬಸವಣ್ಣನ ಒಂದು ವಚನ ಹೇಳಿ ಅರ್ಥ ಬಿಡಿಸಬೇಕು. ಮೈಕಿನ ಎತ್ತರಕ್ಕೆ ಅವನ ಹಣೆ ಬರುತ್ತದೆ, ಬಾಯಿ ಬರುವುದಿಲ್ಲ. ಸ್ಟ್ಯಾಂಡು ಇಳಿಸುತ್ತಾರೆ. ಎರಡು ಸಾಲು ಸರಾಗ ಹೇಳಿ ನಿಂತುಬಿಡುತ್ತಾನೆ. ಮೊದಲಿನಿಂದ ಶುರು ಮಾಡುತ್ತಾನೆ. ಅಲ್ಲೇ ಬಂದು ಮತ್ತೆ ನಿಲ್ಲುತ್ತಾನೆ. ಪೆಂಡಾಲು ಪೂರ್ತಿ ಅವನ ಪರವಾಗಿ ಉಸಿರು ಬಿಗಿಹಿಡಿದಿದೆ. ಆಗ ಹೆಂಗಸರ ಕಡೆಯಿಂದ ಒಂದು ತೆಳ್ಳಗಿನ ದನಿ ಮೂರನೆಯ ಸಾಲು ಹೇಳುತ್ತದೆ. ಅದೇ ಹದಿಮೂರರ ಹುಡುಗಿ. ಇಡೀ ವಚನ ಆಕೆಗೆ ಬಾಯಿಪಾಠ. ಹುಡುಗ ಎಳೆ ಹಿಡಿದುಕೊಂಡು ಅಂಕಿತದವರೆಗೆ ಓಡಿಬಿಡುತ್ತಾನೆ. ಚಪ್ಪಾಳೆ ಇಬ್ಬರಿಗೂ ಸೇರಿ ಬಿತ್ತು ಎಂದುಕೊಳ್ಳುತ್ತೇನೆ. ಶಾಲು ಮಾತ್ರ ಹುಡುಗನಿಗೆ ಹೊದಿಸಿದರು.

ಕತ್ತಲಾಗುತ್ತ ಹಾರ್ಮೋನಿಯಂ, ತಬಲಾ ವೇದಿಕೆಗೆ ಬರುತ್ತವೆ. ಈ ಜಾಗದಲ್ಲಿ ಶ್ರುತಿ ಹಿಡಿದರೆ ನೆನಪಾಗುವ ಹೆಸರು ಒಂದೇ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಇಬ್ಬರು ಹುಟ್ಟುಕುರುಡು ಅಣ್ಣತಮ್ಮಂದಿರನ್ನು, ಗದಿಗೆಯ್ಯ, ಗುರುಬಸವಯ್ಯ ಎಂಬ ಮಕ್ಕಳನ್ನು, ಕುಮಾರ ಸ್ವಾಮಿಗಳು ಅವರ ಕಂಠ ಕೇಳಿ ತಮ್ಮ ಹತ್ತಿರ ಇರಿಸಿಕೊಂಡರು. ಅವರಲ್ಲಿ ಗದಿಗೆಯ್ಯನಿಗೆ ಹಿಂದೂಸ್ತಾನಿ ಕಲಿಸಲು ಮಿರಜದಿಂದ ನೀಲಕಂಠಬುವಾ ಅವರನ್ನು ಈ ಮಂದಿರಕ್ಕೇ ಕರೆಸಿದರು. ಆತನೇ ಪಂಚಾಕ್ಷರ ಗವಾಯಿಗಳು. ಅವರ ಓದು ಮುಗಿದಾಗಲೂ ಮನೆಗೆ ಹೋಗು ಎಂದು ಯಾರೂ ಹೇಳಲಿಲ್ಲ. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರಿಂದ ಊರಿಗೆ ತಿರುಗುವ ಸಂಗೀತ ಶಾಲೆ ನಡೆಸಿದರು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ಅದು ನೆಲೆ ನಿಂತಿತು. 1944ರಲ್ಲಿ ಅವರು ಹೋದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ಹೊತ್ತು ನಡೆದರು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಕೂಡ ಇದೇ ಹೊಳೆದಂಡೆಯಲ್ಲಿ ಕುಮಾರ ಸ್ವಾಮಿಗಳ ಕೈಕೆಳಗೆ ಕಲಿತವರು. ನಿಜಾಮರ ಆಳ್ವಿಕೆಯ ಬೀದರ ಸೀಮೆಗೆ ಮರಳಿ, ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನೂರರ ಮೇಲೂ ಬದುಕಿದ್ದು 1999ರಲ್ಲಿ ಲಿಂಗೈಕ್ಯರಾದರು.

ಈ ಹೆಸರುಗಳನ್ನು ವೇದಿಕೆಯ ಮೇಲೆ ಒಬ್ಬ ಹಿರಿಯ ಸ್ವಾಮಿಗಳು ಹೇಳುತ್ತಿರುವಾಗ ಹತ್ತೊಂಬತ್ತರವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಕುತ್ತಿಗೆಯಲ್ಲಿ ಮೂರು ಹಾರ. ಸೇವಂತಿಯ ಎಸಳು ಮೂಗಿಗೆ ತಾಗಿ ಸೀನು ಬರುತ್ತಿದೆ, ತಡೆದುಕೊಂಡಿದ್ದಾರೆ. ಅವರಿಗೂ ಎರಡು ಮಾತು ಆಡಿ ಎನ್ನುತ್ತಾರೆ. ಎದ್ದು, ಮೈಕಿನ ಮುಂದೆ ನಿಂತು, ಅಡುಗೆಯವರ ಹೆಸರಿನಿಂದ ಶುರು ಮಾಡುತ್ತಾರೆ. ಆಮೇಲೆ ಗೋಶಾಲೆಯವರು. ಆಮೇಲೆ ಜ್ವರ ಬಂದಾಗ ರಾತ್ರಿ ಬಾದಾಮಿಗೆ ಕರೆದೊಯ್ದ ಟಂಟಂ ಡ್ರೈವರು. ವ್ಯಾಕರಣ ಕಲಿಸಿದವರು ಐದನೆಯವರಾಗಿ ಬರುತ್ತಾರೆ. ಆರನೆಯದಾಗಿ ತಾಯಿಯ ಕಡೆ ನೋಡುತ್ತಾರೆ, ಹೆಸರು ಹೇಳುವುದಿಲ್ಲ, "ಶರಣಾರ್ಥಿ" ಎಂದು ಕೂತುಬಿಡುತ್ತಾರೆ.

ಎಂಟೂವರೆಗೆ ಬೀಳ್ಕೊಡುವುದು. ಹುಡುಗರು ಗಾಡಿಯ ಸುತ್ತ ಮುತ್ತಿಕೊಂಡಿದ್ದಾರೆ. ಅಳು ಯಾರದು, ಬೆವರು ಯಾರದು ಗೊತ್ತಾಗುವುದಿಲ್ಲ. ಒಂಬತ್ತರವನ ಕೈಯಲ್ಲಿ ರಬ್ಬರ್ ಚೆಂಡು ಇದೆ. ಟ್ರಂಕು ಮೇಲಿನ ಕ್ಯಾರಿಯರಿಗೆ ಏರಿತು, ಅದರ ಮೇಲೆ ವಿಭೂತಿಯ ರಟ್ಟಿನ ಡಬ್ಬಿ. ಕ್ರೂಸರಿನ ಹಿಂದೆ ಎದುರುಬದುರು ಸೀಟಿನಲ್ಲಿ ಪಡ್ಡೆ ಹುಡುಗರು ಕೂತು ಜಾಗ ಹಿಡಿದಿದ್ದಾರೆ. ಹೊಸ ಅಪ್ಪಾರು ಅತ್ತ ಹೆಜ್ಜೆ ಇಡುತ್ತಾರೆ.

"ಅಲ್ಲೆಲ್ಲಿ ಹೊಂಟ್ರಿ ಅಪ್ಪಾರ? ಮುಂದ ಬರ್ರಿ, ಮುಂದ."

"ಇರ್ಲಿ ಗೌಡ್ರ, ಹಿಂದ ಗಾಳಿ ಚೊಲೊ ಬರತೈತಿ."

"ಊರಾಗ ಮಂದಿ ಏನಂತಾರ್ರಿ? ಮಠದ ಅಪ್ಪಾರನ್ನ ಹಿಂದ ಕೂಡ್ಸಿ ತಂದ್ರು ಅಂತಾರ."

ಮುಂದಿನ ಸೀಟಿಗೆ ಹೊಸ ಬಿಳಿ ಬಟ್ಟೆ ಹಾಸಿದ್ದಾರೆ. ಕೂರುತ್ತಾರೆ. ಗೌಡರು ತಾವು ನಡುವಿನ ಸೀಟಿನಲ್ಲಿ ಅವರ ಬೆನ್ನ ಹಿಂದೆಯೇ. ತಾಯಿ ಮಗಳು ಬಸ್ಸಿಗೆ ಹೋಗುವವರು. ಬಾದಾಮಿಯವರೆಗೆ ಬನ್ನಿ ಎಂದು ಹಿಂದೆ ಹತ್ತಿಸಿಕೊಂಡಿದ್ದಾರೆ. ಪಡ್ಡೆ ಹುಡುಗರು ಸರಿದು ಜಾಗ ಕೊಟ್ಟರು.

ಡ್ರೈವರು ಗಾಡಿ ಚಾಲೂ ಮಾಡಿ, ಟೇಪಿನ ಗುಂಡಿಗೆ ಕೈ ಹಾಕಿ ತಡೆಯುತ್ತಾನೆ.

"ಅಪ್ಪಾರ, ಯಾವ ಹಾಡ ಹಚ್ಚಲ್ರಿ?"

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಗೌಡರು, "ವಚನಾ ಹಚ್ಚೋ ತಮ್ಮಾ, ಏನ್ ಕೇಳ್ತಿ?"

"ಪೆನ್ ಡ್ರೈವಿನಾಗ ವಚನಾ ಇಲ್ರಿ ಗೌಡ್ರ. ಬರೇ ಜಾನಪದ ಐತಿ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಗೌಡರ ಮುಖ ಬಿಗಿಯಿತು. ಗಾಡಿ ಗೇಟು ದಾಟುತ್ತಿದೆ, ಹುಡುಗರು ಪಕ್ಕದಲ್ಲಿ ಓಡುತ್ತಿದ್ದಾರೆ.

"ಇರ್ಲಿ," ಎಂದರು ಅಪ್ಪಾರು. "ಅದನ್ನ ಹಚ್ರಿ."